ಬೀರುವಿನ ಕೀಲಿಕೈ ನಮ್ಮಲ್ಲಿದೆ, ರೂಟರಿನ ಕೀಲಿಕೈ ಯಾರಲ್ಲಿದೆ?

ಗಡಿಯಾಚೆಯ ಕನ್ನಡ ಶಾಲೆಗಳ ಬಗ್ಗೆ ಬರೆಯಲು ಕೂತಾಗಲೆಲ್ಲ ಮೂರು ವಿಷಯ ತಾನಾಗಿ ಬಂದುಬಿಡುತ್ತವೆ. ಪಠ್ಯಪುಸ್ತಕ ತಡವಾಯಿತು, ಮೇಷ್ಟ್ರ ಹುದ್ದೆ ಖಾಲಿ ಬಿದ್ದಿದೆ, ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಮೂರೂ ನಿಜವೇ, ಮೂರನ್ನೂ ಬರೆಯುತ್ತಲೇ ಇರಬೇಕು. ಆದರೆ ಇವತ್ತು ಯಾರೂ ಮಾತಾಡದ ನಾಲ್ಕನೆಯ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಹೆಡ್‌ಮಾಸ್ತರರ ಕೋಣೆಯ ಗೋಡೆಯ ಮೇಲೆ, ಗಡಿಯಾರದ ಪಕ್ಕದಲ್ಲೋ ಬೀರುವಿನ ಮೇಲೋ, ಹಸಿರು ದೀಪ ಮಿಣುಕಿಸುತ್ತ ಕೂತಿರುವ ಆ ಪುಟ್ಟ ಡಬ್ಬಿ... ರೂಟರ್.

ಇದೇನು ಮೇಷ್ಟ್ರೇ, ಕನ್ನಡ ಶಾಲೆಗೂ ರೂಟರಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಸ್ವಲ್ಪ ತಾಳ್ಮೆಯಿಂದ ಓದಿ.

1953ರಲ್ಲಿ ಹಳೆಯ ಬಳ್ಳಾರಿ ಜಿಲ್ಲೆ ಹೋಳಾದಾಗ ರಾಯದುರ್ಗ ಆಂಧ್ರಕ್ಕೆ ಸೇರಿ ಅನಂತಪುರ ಜಿಲ್ಲೆಯ ಪಾಲಾಯಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರದ್ದೇ ಆಗಿತ್ತು, 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಹೀಗೆ ನಕ್ಷೆಯ ಗೆರೆಗಳು ಆಚೀಚೆ ಆದರೂ ಮನೆಯ ಮಾತು ಕನ್ನಡವಾಗಿಯೇ ಉಳಿಯಿತು. ಅಂತರ್ಜಾಲ ಮಾತ್ರ ನಮ್ಮ ಕಡೆಗೆ ತಡವಾಗಿ ಬಂತು, ಬಂದಮೇಲೆ ಬಿರುಗಾಳಿಯಂತೆ ಬಂತು. ವಿದ್ಯುತ್ ಕಂಬಗಳ ಮೇಲೇ ಎಳೆಗಳನ್ನು ಎಳೆದು ಹಳ್ಳಿಗಳಿಗೆ ಸಂಪರ್ಕ ಕೊಡುವ ಆಂಧ್ರದ ಫೈಬರ್‌ನೆಟ್ ಯೋಜನೆಯನ್ನು 2017ರ ಡಿಸೆಂಬರ್ 27ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಲೋಕಾರ್ಪಣೆ ಮಾಡಿದರು. ಆಗ ತಿಂಗಳಿಗೆ 149 ರೂಪಾಯಿಯಿಂದ ಶುರು. ಖಾಸಗಿ ಕೇಬಲ್‌ನವರೂ ಹಿಂದೆ ಬೀಳಲಿಲ್ಲ. ಡಬ್ಬಿ ಬಂತು, ದೀಪ ಹತ್ತಿತು, ವಾಟ್ಸಪ್ ಓಡಿತು. ಅಲ್ಲಿಗೆ ಎಲ್ಲರಿಗೂ ಸಮಾಧಾನ.

ಈಗ ಆ ಡಬ್ಬಿಯ ಮೂಲಕ ಏನೇನು ಹರಿಯುತ್ತಿದೆ ಯೋಚಿಸಿ. ಯುಡೈಸ್ ಜಾಲತಾಣಕ್ಕೆ ಪ್ರತಿ ಮಗುವಿನ ಹೆಸರು, ಹುಟ್ಟಿದ ದಿನ, ಆಧಾರ್ ಸಂಖ್ಯೆ, ತಂದೆ ತಾಯಿಯ ಮೊಬೈಲ್ ಸಂಖ್ಯೆ. ಹಿಂದೆ ಅಮ್ಮ ಒಡಿ, ಈಗ ತಲ್ಲಿಕಿ ವಂದನಂ, ಅದಕ್ಕೆ ತಾಯಿಯ ಬ್ಯಾಂಕ್ ಖಾತೆಯ ವಿವರ. ಹಾಜರಾತಿ, ಬಿಸಿಯೂಟದ ಫೋಟೋ, ಎಸ್‌ಎಸ್‌ಸಿ ನಾಮಿನಲ್ ರೋಲು. ಮೊದಲು ಇವೆಲ್ಲ ದಪ್ಪ ರಟ್ಟಿನ ರಿಜಿಸ್ಟರಿನಲ್ಲಿದ್ದವು. ಆ ರಿಜಿಸ್ಟರು ಬೀರುವಿನಲ್ಲಿತ್ತು. ಬೀರುವಿಗೆ ಬೀಗ ಇತ್ತು, ಬೀಗದ ಕೀಲಿಕೈ ಹೆಡ್‌ಮಾಸ್ತರರ ಜೇಬಿನಲ್ಲಿತ್ತು. ಅವರು ವರ್ಗವಾಗಿ ಹೋಗುವಾಗ ಚಾರ್ಜ್ ಪಟ್ಟಿಯಲ್ಲಿ ‘ಬೀರು 2, ಕೀಲಿಕೈ 4’ ಅಂತ ಬರೆದು ಮುಂದಿನವರ ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಬೀರು ಈಗಲೂ ಇದೆ, ಬೀಗವೂ ಇದೆ. ಆದರೆ ಅದರೊಳಗಿದ್ದ ಗುಟ್ಟೆಲ್ಲ ಈಗ ಡಬ್ಬಿಯ ಮೂಲಕ ಹೋಗಿಬರುತ್ತಿದೆ. ಆ ಡಬ್ಬಿಯ ಕೀಲಿಕೈ ಎಲ್ಲಿದೆ?

ನಾನು ಕೇಳಿದ ಕಡೆಗಳಲ್ಲೆಲ್ಲ ಒಂದೇ ಉತ್ತರ: “ಅದೆಲ್ಲ ಕೇಬಲ್ ಹುಡುಗನಿಗೆ ಗೊತ್ತು ಸಾರ್.”

ನನ್ನ ವಾದ ಇಷ್ಟೇ. ಶಾಲೆಯ ರೂಟರಿನ ಕೀಲಿಕೈ ಶಾಲೆಯ ಹತ್ತಿರ ಇರಬೇಕು, ಚಾರ್ಜ್ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರಬೇಕು. ಸುರಕ್ಷತೆಗೆ ಬೇಕಾದದ್ದು ಬಹುಪಾಲು ಆ ಡಬ್ಬಿಯೊಳಗೇ ಇದೆ. ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.

ಮೊದಲು ಡಬ್ಬಿ ಏನೆಂದು ತಿಳಿಯೋಣ. ರೂಟರ್ ಎಂದರೆ ಬರೀ ತಂತಿ ಸೇರಿಸುವ ಪೆಟ್ಟಿಗೆಯಲ್ಲ, ಅದೊಂದು ಪೂರ್ಣ ಗಣಕಯಂತ್ರ. ಅದಕ್ಕೆ ತನ್ನದೇ ಕಾರ್ಯನಿರ್ವಹಣಾ ತಂತ್ರಾಂಶ ಇರುತ್ತದೆ. ದೊಡ್ಡ ಕಚೇರಿಗಳಲ್ಲಿ ಸಿಸ್ಕೋದ ಐಓಎಸ್, ಸಣ್ಣ ಅಂತರ್ಜಾಲ ಸೇವಾದಾರರ ಬಳಿ ಲ್ಯಾಟ್ವಿಯಾ ದೇಶದ ಮೈಕ್ರೋಟಿಕ್ ಕಂಪನಿಯ ರೂಟರ್‌ಓಎಸ್, ಮನೆ ಶಾಲೆಗಳ ಡಬ್ಬಿಗಳಲ್ಲಿ ಹೆಚ್ಚಾಗಿ ಯಾವುದಾದರೊಂದು ಬಗೆಯ ಲಿನಕ್ಸ್. ಲಿಂಕ್‌ಸಿಸ್ ಎಂಬ ಕಂಪನಿ ತನ್ನ ಡಬ್ಬಿಯೊಂದರಲ್ಲಿ ಲಿನಕ್ಸ್ ಬಳಸಿತ್ತು. ಮುಕ್ತ ತಂತ್ರಾಂಶದ ಪರವಾನಗಿಯ ಷರತ್ತಿನಂತೆ 2003ರಲ್ಲಿ ಅದರ ಮೂಲಸಂಕೇತವನ್ನು ಬಿಡುಗಡೆ ಮಾಡಬೇಕಾಯಿತು. ಅದರಿಂದಲೇ 2004ರಲ್ಲಿ ಓಪನ್‌ವರ್ಟ್ ಎಂಬ ಉಚಿತ, ಮುಕ್ತ ರೂಟರ್ ತಂತ್ರಾಂಶ ಹುಟ್ಟಿತು. ಇವತ್ತಿಗೂ ಅದು ಜೀವಂತವಾಗಿದೆ.

ಈ ತಂತ್ರಾಂಶಗಳಲ್ಲಿ ಫೈರ್‌ವಾಲ್ ಇರುತ್ತದೆ. ಗಡಿಯ ಚೆಕ್‌ಪೋಸ್ಟ್ ಅಂದುಕೊಳ್ಳಿ. ಒಳಗಿನಿಂದ ಯಾರಾದರೂ ಕೇಳಿ ತರಿಸಿಕೊಂಡ ಮಾಹಿತಿ ಒಳಗೆ ಬರಬಹುದು, ಯಾರೂ ಕರೆಯದೆ ಹೊರಗಿನಿಂದ ಬಂದು ಬಾಗಿಲು ಬಡಿಯುವವರಿಗೆ ಪ್ರವೇಶವಿಲ್ಲ. ಅತಿಥಿಗಳಿಗೆ ಬೇರೆ ವೈಫೈ ಕೊಡುವ ಸೌಲಭ್ಯ ಇರುತ್ತದೆ. ಎಷ್ಟೋ ಡಬ್ಬಿಗಳಲ್ಲಿ ವಿಪಿಎನ್ ಕೂಡ ಇರುತ್ತದೆ. ಎಲ್ಲಕ್ಕೂ ಒಂದೇ ಬಾಗಿಲು: 192.168.1.1 ಎಂಬಂಥ ವಿಳಾಸ, ಒಂದು ಬಳಕೆದಾರ ಹೆಸರು, ಒಂದು ಪಾಸ್‌ವರ್ಡ್. ಕಾರ್ಖಾನೆಯಿಂದ ಬರುವಾಗ ಎಷ್ಟೋ ಡಬ್ಬಿಗಳಲ್ಲಿ ಎರಡೂ ಒಂದೇ ಪದ... ಅಡ್ಮಿನ್, ಅಡ್ಮಿನ್!

ಅದನ್ನು ಬದಲಾಯಿಸದಿದ್ದರೆ ಏನಾಗುತ್ತದೆ? ಆಗಿಹೋಗಿದೆ, ದೂರದ ಅಮೆರಿಕದಲ್ಲಲ್ಲ, ಪಕ್ಕದ ಕರ್ನಾಟಕದಲ್ಲೇ. 2017ರ ಜುಲೈ ಕೊನೆಯ ವಾರ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಒಂದೊಂದಾಗಿ ಕೆಲಸ ನಿಲ್ಲಿಸಿದವು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಸಂಪರ್ಕ ಸತ್ತುಹೋಯಿತು. ಹಾಳಾದ ಮೋಡೆಮ್‌ಗಳು ಸುಮಾರು 60 ಸಾವಿರ ಎಂದು ಆಗ ವರದಿಗಳು ಬಂದವು. ಪೆಟ್ಟು ತಿಂದದ್ದು ಮುಖ್ಯವಾಗಿ ಅಡ್ಮಿನ್ ಎಂಬ ಹಳೆಯ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಾಯಿಸಿಕೊಳ್ಳಿ ಎಂದು ಬಿಎಸ್‌ಎನ್‌ಎಲ್ ಗ್ರಾಹಕರಿಗೆ ಕರೆ ಕೊಡಬೇಕಾಯಿತು.

ಈ ಕೆಲಸ ತನ್ನದೇ ಎಂದು ಹೇಳಿಕೊಂಡವನು ಬ್ರಿಕರ್‌ಬಾಟ್ ಎಂಬ ಕುತಂತ್ರಾಂಶ ಬರೆದ ಅನಾಮಿಕ. ಅವನ ತರ್ಕ ವಿಚಿತ್ರವಾಗಿತ್ತು. ಬೀಗವಿಲ್ಲದ ಡಬ್ಬಿಗಳನ್ನು ಕಳ್ಳರು ಹಿಡಿದು ಬೇರೆಯವರ ಮೇಲೆ ದಾಳಿಗೆ ಬಳಸುತ್ತಾರೆ, ಅದಕ್ಕೆ ಮೊದಲೇ ನಾನು ಅವನ್ನು ಕೊಂದುಬಿಡುತ್ತೇನೆ ಎನ್ನುವುದು. ಕಳ್ಳ ನುಗ್ಗಬಾರದೆಂದು ಮನೆಗೇ ಬೆಂಕಿ ಇಟ್ಟಂತೆ! ಅವನು ಮಾಡಿದ್ದು ತಪ್ಪು. ಆದರೆ ಅವನ ಭಯ ಸುಳ್ಳಲ್ಲ. ಅದರ ಹಿಂದಿನ ವರ್ಷ, 2016ರಲ್ಲಿ, ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿಗಳ ಪಟ್ಟಿ ಇಟ್ಟುಕೊಂಡು ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತ್ತು. ಅಂಥ ಸಾಧನಗಳ ಸೈನ್ಯದ ದಾಳಿಯಿಂದಲೇ ಆ ಅಕ್ಟೋಬರ್ 21ರಂದು ಟ್ವಿಟರ್‌ನಂಥ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸಿಗದಂತಾದವು.

“ನಮ್ಮ ಹಳ್ಳಿ ಶಾಲೆಯಲ್ಲಿ ಕದಿಯೋಕೆ ಏನಿದೆ ಸಾರ್?” ಎನ್ನುವವರಿಗೆ ಉತ್ತರ ಇಲ್ಲೇ ಇದೆ. ದಾಳಿ ಮಾಡುವುದು ಮನುಷ್ಯನಲ್ಲ, ಯಂತ್ರ. ಅದಕ್ಕೆ ರಾಯದುರ್ಗವೂ ಒಂದೇ ನ್ಯೂಯಾರ್ಕೂ ಒಂದೇ. ಅದು ವಿಳಾಸ ಒಂದರ ನಂತರ ಒಂದು ಬಾಗಿಲು ತಳ್ಳುತ್ತ ಹೋಗುತ್ತದೆ, ತೆರೆದರೆ ಒಳಗೆ.

ಪಾಸ್‌ವರ್ಡ್ ಒಂದೇ ಸಾಲದು, ತಂತ್ರಾಂಶವನ್ನು ನವೀಕರಿಸುತ್ತಲೂ ಇರಬೇಕು. 2018ರ ಏಪ್ರಿಲ್‌ನಲ್ಲಿ ಮೈಕ್ರೋಟಿಕ್ ತನ್ನ ರೂಟರ್‌ಓಎಸ್‌ನಲ್ಲಿದ್ದ ಒಂದು ದೊಡ್ಡ ತೂತನ್ನು ಮುಚ್ಚಿ ಹೊಸ ಆವೃತ್ತಿ ಕೊಟ್ಟಿತು. ಎಷ್ಟೋ ಸೇವಾದಾರರು ಅದನ್ನು ಹಾಕಿಕೊಳ್ಳಲೇ ಇಲ್ಲ. ಕೆಲವೇ ತಿಂಗಳಲ್ಲಿ ಬ್ರೆಜಿಲ್‌ನಿಂದ ಶುರುವಾಗಿ ಜಗತ್ತಿನಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಮೈಕ್ರೋಟಿಕ್ ರೂಟರ್‌ಗಳು ಕಳ್ಳರ ಕೈ ಸೇರಿದವು, ಭಾರತದಲ್ಲೂ ಸಾವಿರಾರು. ಅವುಗಳ ಹಿಂದೆ ಕೂತು ಜಾಲತಾಣ ನೋಡುತ್ತಿದ್ದವರ ಗಣಕಗಳು ತಮಗೇ ಗೊತ್ತಿಲ್ಲದೆ ಯಾರದೋ ಡಿಜಿಟಲ್ ನಾಣ್ಯ ಟಂಕಿಸಲು ದುಡಿದವು. ದುಬಾರಿ ಡಬ್ಬಿ ಕೊಂಡರೆ ಸಾಕು ಅನ್ನುವಂತೆಯೂ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಸಿಸ್ಕೋದ ಐಓಎಸ್ ಎಕ್ಸ್‌ಇ ತಂತ್ರಾಂಶದ ನಿರ್ವಹಣಾ ಪುಟದಲ್ಲೇ ತೂತು ಸಿಕ್ಕಿತು. ಆ ಪುಟವನ್ನು ಹೊರಜಗತ್ತಿಗೆ ತೆರೆದಿಟ್ಟಿದ್ದ ಹತ್ತಾರು ಸಾವಿರ ಸಾಧನಗಳು ಕೆಟ್ಟವು. ನಿರ್ವಹಣಾ ಪುಟ ಹೊರಗಿನವರಿಗೆ ಕಾಣಲೇಬಾರದು, ಶಾಲೆಯೊಳಗಿನಿಂದ ಮಾತ್ರ ತೆರೆಯಬೇಕು. ಅದಕ್ಕೆ ಡಬ್ಬಿಯಲ್ಲಿ ಒಂದೇ ಒಂದು ಗುಂಡಿ ಇರುತ್ತದೆ.

ಇನ್ನು ವಿಪಿಎನ್. ಇದರ ಹೆಸರನ್ನು ಈಗ ಎಂಟನೇ ತರಗತಿಯ ಹುಡುಗರೂ ಬಲ್ಲರು. 2020ರ ಜೂನ್‌ನಲ್ಲಿ ಟಿಕ್‌ಟಾಕ್, ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧವಾದಾಗ ಹುಡುಗರು ಮೊದಲು ಹುಡುಕಿದ್ದೇ ಇದನ್ನು. ಹಾಗಾಗಿ ವಿಪಿಎನ್ ಅಂದರೆ ಬೇಲಿ ಹಾರುವ ಏಣಿ ಅನ್ನುವ ಭಾವನೆ ಬಂದಿದೆ. ಇತ್ತ ಜಾಹೀರಾತಿನವರು ಅದನ್ನು ಎಲ್ಲ ರೋಗಕ್ಕೂ ಮದ್ದು ಎಂಬಂತೆ ಮಾರುತ್ತಾರೆ. ಎರಡೂ ಪೂರ್ತಿ ಸರಿಯಲ್ಲ.

ನಮ್ಮ ಕಡೆಯವರಿಗೆ ವಿಪಿಎನ್ ತಿಳಿಸುವುದು ಬಹಳ ಸುಲಭ. ಪಾವಗಡ ಇರುವುದು ಕರ್ನಾಟಕದ ತುಮಕೂರು ಜಿಲ್ಲೆಯಲ್ಲಿ, ಆದರೆ ಅದರ ಸುತ್ತ ಬಹುಪಾಲು ಆಂಧ್ರದ ನೆಲ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ನಡುವೆ ಆಂಧ್ರವನ್ನು ದಾಟಿಯೇ ಹೋಗುತ್ತದೆ. ಈಗ ಆ ಬಸ್ಸಿನ ಕಿಟಕಿಗಳಿಗೆಲ್ಲ ಕಪ್ಪು ಪರದೆ ಹಾಕಿ, ಬಾಗಿಲಿಗೆ ಮಧುಗಿರಿಯಲ್ಲಿ ಮೊಹರು ಒತ್ತಿ, ಪಾವಗಡದಲ್ಲೇ ತೆರೆಯುವುದು ಅಂದುಕೊಳ್ಳಿ. ನಡುದಾರಿಯ ಊರಿನವರಿಗೆ ಬಸ್ಸು ಹೋದದ್ದು ಕಾಣುತ್ತದೆ, ಒಳಗೆ ಯಾರಿದ್ದಾರೆ, ಏನು ಹೊತ್ತಿದ್ದಾರೆ ಕಾಣುವುದಿಲ್ಲ. ಬೇರೆಯವರ ದಾರಿಯಲ್ಲಿ ನಮ್ಮ ಗುಟ್ಟಿನ ಸವಾರಿ. ವಿಪಿಎನ್ ಎಂದರೆ ಇಷ್ಟೇ. ಒಂದು ಊರಿನ ಕಚೇರಿಯ ರೂಟರ್ ಇನ್ನೊಂದು ಊರಿನ ಕಚೇರಿಯ ರೂಟರ್ ಜೊತೆ ಹೀಗೆ ಮಾತಾಡಲಿ ಅಂತಲೇ ಅದನ್ನು ರೂಟರ್ ತಂತ್ರಾಂಶದೊಳಗೆ ಇಟ್ಟಿರುವುದು.

ಈ ಹೋಲಿಕೆಯಲ್ಲೇ ಅದರ ಮಿತಿಯೂ ಇದೆ. ಜೇಬುಗಳ್ಳ ಬಸ್ಸಿನ ಒಳಗೇ ಇದ್ದರೆ ಪರದೆ, ಮೊಹರು ಏನು ಮಾಡೀತು? ಗಣಕದಲ್ಲಿ ಆಗಲೇ ವೈರಸ್ ಇದ್ದರೆ ವಿಪಿಎನ್ ಅದನ್ನೂ ಜೋಪಾನವಾಗಿ ಕರೆದೊಯ್ಯುತ್ತದೆ. ಎರಡನೆಯದು, ಬಸ್ಸಿನ ಯಜಮಾನ ಯಾರು? ಅವನಿಗೆ ಎಲ್ಲರ ಪ್ರಯಾಣವೂ ಗೊತ್ತಿರುತ್ತದೆ. ಉಚಿತ ವಿಪಿಎನ್ ಆ್ಯಪ್ ಹಾಕಿಕೊಳ್ಳುವ ಮಕ್ಕಳಿಗೂ ಮೇಷ್ಟ್ರುಗಳಿಗೂ ನಾನು ಕೇಳುವ ಪ್ರಶ್ನೆ ಇದೇ: ಟಿಕೆಟ್ ಇಲ್ಲದೆ ನಿಮ್ಮನ್ನು ಕರೆದೊಯ್ಯುವ ಬಸ್ಸಿನವನಿಗೆ ಡೀಸೆಲ್ ದುಡ್ಡು ಎಲ್ಲಿಂದ ಬರುತ್ತದೆ? ಉತ್ತರ ಒಮ್ಮೊಮ್ಮೆ ನ್ಯಾಯಾಲಯದಲ್ಲಿ ಸಿಗುತ್ತದೆ. 911 ಎಸ್5 ಎಂಬ ಜಾಲವನ್ನು ಅಮೆರಿಕದ ಪೊಲೀಸರು 2024ರ ಮೇ ತಿಂಗಳಲ್ಲಿ ಮುರಿದರು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್ ಮುಂತಾದ ಉಚಿತ ವಿಪಿಎನ್‌ಗಳನ್ನು ಜನ ಹಾಕಿಕೊಂಡರು, ಅವರ ಗಣಕಗಳನ್ನೇ ಅಪರಾಧಿಗಳಿಗೆ ಬಾಡಿಗೆಗೆ ಬಿಡಲಾಯಿತು. 1 ಕೋಟಿ 90 ಲಕ್ಷ ಅಂತರ್ಜಾಲ ವಿಳಾಸಗಳು ಆ ಜಾಲದಲ್ಲಿದ್ದವು ಎಂದು ಅಲ್ಲಿನ ನ್ಯಾಯ ಇಲಾಖೆ ಹೇಳಿತು. ಅಪರಾಧ ಮಾಡಿದವನು ಎಲ್ಲೋ, ದಾಖಲಾದ ವಿಳಾಸ ಅಮಾಯಕನದು.

ನಮ್ಮ ಸರ್ಕಾರವೂ ಈ ವಿಷಯಕ್ಕೆ ಕೈ ಹಾಕಿದೆ. ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿತು. ಇದನ್ನು ಒಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್‌ನಂಥ ಕಂಪನಿಗಳು ಭಾರತದೊಳಗಿನ ತಮ್ಮ ಸರ್ವರ್‌ಗಳನ್ನು ಎತ್ತಿಕೊಂಡು ಹೋದವು. ಆ ನಿರ್ದೇಶನ ಸರಿಯೋ ತಪ್ಪೋ ಎಂಬ ಚರ್ಚೆ ದೊಡ್ಡದು, ಇನ್ನೊಮ್ಮೆ ಮಾಡೋಣ. ಶಾಲೆಯ ಮಟ್ಟಿಗೆ ಹೇಳುವುದಾದರೆ, ಹೊರಗಿನ ಯಾವ ವಿಪಿಎನ್ ಕಂಪನಿಯನ್ನೂ ನಂಬಿ ಮಕ್ಕಳ ವಿವರ ತುಂಬುವ ಅಗತ್ಯ ನಮಗಿಲ್ಲ. ಸರ್ಕಾರಿ ಜಾಲತಾಣಗಳಿಗೆ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಕವಚ ಇದ್ದೇ ಇದೆ. ಬ್ರೌಸರ್ ಕೆಂಪಾಗಿ ಎಚ್ಚರಿಕೆ ಕೊಟ್ಟಾಗ ‘ಪರವಾಗಿಲ್ಲ ಮುಂದೆ ಹೋಗು’ ಎಂದು ಒತ್ತದಿದ್ದರೆ ಸಾಕು.

ಹಾಗಾದರೆ ಶಾಲೆಗೆ ವಿಪಿಎನ್ ಬೇಡವೇ? ಒಂದು ಕಡೆ ಬೇಕು. ಅದೇ ನನ್ನನ್ನು ಈ ಬರಹಕ್ಕೆ ಹಚ್ಚಿದ್ದು. ಸಿಸಿಟಿವಿ.

ದಾನಿಗಳೋ ಹಳೆಯ ವಿದ್ಯಾರ್ಥಿಗಳೋ ಶಾಲೆಗೆ ಕ್ಯಾಮೆರಾ ಕೊಡಿಸುತ್ತಾರೆ. ಒಳ್ಳೆಯ ಮನಸ್ಸು, ಸಂತೋಷ. ಮನೆಯಿಂದಲೇ ಮೊಬೈಲಿನಲ್ಲಿ ನೋಡುವಂತಿರಬೇಕು ಎಂದು ಹೆಡ್‌ಮಾಸ್ತರು ಕೇಳುತ್ತಾರೆ. ಹಾಕಲು ಬಂದ ಹುಡುಗ ರೂಟರಿನಲ್ಲಿ ಹೊರಗಿನಿಂದ ನೇರ ಒಳಬರುವ ಒಂದು ಕಿಂಡಿ ತೆರೆದು, ಕ್ಯಾಮೆರಾದ ಹಳೆಯ ಪಾಸ್‌ವರ್ಡನ್ನೇ ಬಿಟ್ಟು ಹೋಗುತ್ತಾನೆ. ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಹೆಡ್‌ಮಾಸ್ತರರಿಗೆ ಕಾಣುವುದು ಜಗತ್ತಿಗೆಲ್ಲ ಕಾಣಬಹುದು. ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳನ್ನು ಕದ್ದು ಮಾರುತ್ತಿದ್ದ ಜಾಲ 2025ರ ಫೆಬ್ರವರಿಯಲ್ಲಿ ಬಯಲಾಯಿತು. ಅಲ್ಲಿನ ಕ್ಯಾಮೆರಾ ವ್ಯವಸ್ಥೆಯ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದ ‘ಅಡ್ಮಿನ್123’ ಆಗಿತ್ತೆಂದು ಪತ್ರಿಕೆಗಳು ಬರೆದವು. ಚಿಕಿತ್ಸೆಗೆ ಬಂದ ಹೆಣ್ಣುಮಕ್ಕಳ ದೃಶ್ಯಗಳು... ನಮ್ಮ ಶಾಲೆಗಳಲ್ಲೂ ಹೆಣ್ಣುಮಕ್ಕಳಿದ್ದಾರೆ. ಎಷ್ಟೋ ಮನೆಗಳಲ್ಲಿ ಮಗಳನ್ನು ಏಳನೆಯ ತರಗತಿ ದಾಟಿಸಿ ಹೈಸ್ಕೂಲಿಗೆ ಕಳಿಸುವಂತೆ ಒಪ್ಪಿಸಲು ನಾವು ಎಷ್ಟು ಸಲ ಬಾಗಿಲು ತಟ್ಟಿರುತ್ತೇವೆ ಅನ್ನುವುದು ನಮಗೇ ಗೊತ್ತು. ಅಂಥ ಒಂದು ದೃಶ್ಯ ಹೊರಬಿದ್ದರೆ ಆ ಊರಿನ ಎಷ್ಟು ಹುಡುಗಿಯರ ಓದು ನಿಂತೀತು?

ಇಲ್ಲಿ ಬೇಕಾದದ್ದು ರೂಟರಿನೊಳಗಿನ ವಿಪಿಎನ್. ಹೊರಗಿನ ಕಿಂಡಿಗಳನ್ನೆಲ್ಲ ಮುಚ್ಚಿ, ಹೆಡ್‌ಮಾಸ್ತರರ ಮೊಬೈಲಿಗೂ ಶಾಲೆಯ ರೂಟರಿಗೂ ನಡುವೆ ಒಂದು ಸುರಂಗ. ಗುರುತಿನ ಕೀಲಿ ಇದ್ದ ಮೊಬೈಲಿಗೆ ಮಾತ್ರ ದಾರಿ. ಇದಕ್ಕೆ ವೈರ್‌ಗಾರ್ಡ್ ಎಂಬ ಉಚಿತ, ಹಗುರ ವ್ಯವಸ್ಥೆ ಇದೆ. 2020ರ ಮಾರ್ಚ್‌ನಲ್ಲಿ ಅದು ಲಿನಕ್ಸ್‌ನ ತಿರುಳಿನಲ್ಲೇ ಸೇರಿತು, ಓಪನ್‌ವರ್ಟ್‌ನಲ್ಲೂ ರೂಟರ್‌ಓಎಸ್‌ನ 7ನೇ ಆವೃತ್ತಿಯಲ್ಲೂ ಸಿಗುತ್ತದೆ. ಎಷ್ಟೋ ಡಬ್ಬಿಗಳ ಪಟ್ಟಿಯಲ್ಲಿ ಇನ್ನೂ ಪಿಪಿಟಿಪಿ ಎಂಬ ಹಳೆಯ ವಿಧಾನ ಇರುತ್ತದೆ, ಅದನ್ನು ಮುಟ್ಟಬೇಡಿ. ಅದರ ಬೀಗವನ್ನು ಒಂದೇ ದಿನದಲ್ಲಿ ಒಡೆಯಬಹುದೆಂದು 2012ರಲ್ಲೇ ತೋರಿಸಿದ್ದಾರೆ. ಕೇಬಲ್‌ನವರು ಹಲವು ಗ್ರಾಹಕರಿಗೆ ಒಂದೇ ಹೊರವಿಳಾಸ ಹಂಚಿದ್ದರೆ ಸುರಂಗ ನೇರವಾಗಿ ಕೂಡುವುದಿಲ್ಲ, ಪ್ರತ್ಯೇಕ ವಿಳಾಸ ಕೇಳಬೇಕಾಗುತ್ತದೆ. ಅಷ್ಟು ಆಗದಿದ್ದರೆ ಮನೆಯಿಂದ ನೋಡುವ ಆಸೆಯನ್ನೇ ಬಿಡುವುದು ಮೇಲು. ಕ್ಯಾಮೆರಾ ಇರುವುದು ಶಾಲೆಯ ರಕ್ಷಣೆಗೆ, ನಮ್ಮ ಮೊಬೈಲಿನ ಶೋಭೆಗಲ್ಲ.

ಈಗ ಮಾಡಬೇಕಾದ ಕೆಲಸ. ಒಂದು ಮಧ್ಯಾಹ್ನ ಸಾಕು. ಒಂದು, ಕೇಬಲ್‌ನವರನ್ನು ಕರೆಸಿ ನಿರ್ವಹಣಾ ಪಾಸ್‌ವರ್ಡ್ ಬದಲಾಯಿಸಿ. ಹೊಸದನ್ನು ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ಬೀರುವಿನಲ್ಲಿಡಿ, ಚಾರ್ಜ್ ಪಟ್ಟಿಯಲ್ಲಿ ‘ರೂಟರ್ 1, ಪಾಸ್‌ವರ್ಡ್ ಲಕೋಟೆ 1’ ಎಂದು ನಮೂದಿಸಿ. ವೈಫೈ ಪಾಸ್‌ವರ್ಡ್ ಬೇರೆ, ನಿರ್ವಹಣಾ ಪಾಸ್‌ವರ್ಡ್ ಬೇರೆ ಎಂಬುದು ನೆನಪಿರಲಿ. ಎರಡು, ಹೊರಗಿನಿಂದ ನಿರ್ವಹಿಸುವ ಸೌಲಭ್ಯವನ್ನು ಮುಚ್ಚಿ. ಸೇವಾದಾರರಿಗೆ ಅದು ಬೇಕೇ ಬೇಕೆಂದರೆ ಅವರ ವಿಳಾಸಕ್ಕೆ ಮಾತ್ರ ತೆರೆದಿರಲಿ. ಮೂರು, ಗುಂಡಿ ಒತ್ತಿದರೆ ವೈಫೈ ಕೂಡುವ ಡಬ್ಲ್ಯುಪಿಎಸ್ ಸೌಲಭ್ಯ ನಿಲ್ಲಿಸಿ, ಅದರ ಎಂಟಂಕಿಯ ಪಿನ್ ಎಷ್ಟು ದುರ್ಬಲವೆಂದು 2011ರಲ್ಲೇ ಗೊತ್ತಾಗಿದೆ. ನಾಲ್ಕು, ಕಚೇರಿಯ ಗಣಕಕ್ಕೆ ಒಂದು ವೈಫೈ, ಬಂದುಹೋಗುವವರಿಗೂ ಮಕ್ಕಳ ಟ್ಯಾಬ್‌ಗಳಿಗೂ ಅತಿಥಿ ವೈಫೈ. ಐದು, ತಂತ್ರಾಂಶದ ನವೀಕರಣ ಬಂದಿದೆಯೇ ಎಂದು ವರ್ಷಕ್ಕೆ ಎರಡು ಸಲವಾದರೂ ನೋಡಿ, ಶಾಲೆ ತೆರೆದಾಗ ಒಮ್ಮೆ, ಸಂಕ್ರಾಂತಿ ರಜೆ ಮುಗಿದಾಗ ಒಮ್ಮೆ. ಕಂಪನಿಯೇ ಕೈಬಿಟ್ಟ ಹಳೆಯ ಡಬ್ಬಿಯಾದರೆ ಬದಲಾಯಿಸಿಕೊಡಿ ಎಂದು ಕೇಳಿ.

ಮೇಷ್ಟ್ರುಗಳ ತಲೆಯ ಮೇಲೆ ಇದೂ ಒಂದು ಹೊರೆಯೇ ಅಂತ ಯಾರಾದರೂ ಸಿಟ್ಟಾದರೆ ಆ ಸಿಟ್ಟು ನ್ಯಾಯವಾದದ್ದೇ. ಫೋಟೋ ಏರಿಸಿ, ಆ್ಯಪ್ ತುಂಬಿಸಿ, ಉಳಿದ ಹೊತ್ತಿನಲ್ಲಿ ಪಾಠ ಮಾಡುವ ಸ್ಥಿತಿ ನಮ್ಮದು. ಮಕ್ಕಳ ವಿವರ ಕೇಳುವ ಇಲಾಖೆಯೇ ಅದನ್ನು ಕಾಯುವ ವ್ಯವಸ್ಥೆಯನ್ನೂ ಕೊಡಬೇಕು. ಮಂಡಲಕ್ಕೊಬ್ಬ ತಿಳಿದವನನ್ನು ನೇಮಿಸಿ, ವರ್ಷಕ್ಕೊಮ್ಮೆ ಪ್ರತಿ ಶಾಲೆಯ ಡಬ್ಬಿಯನ್ನು ನೋಡಿ ಸಹಿ ಹಾಕಿ ಹೋಗುವಂತೆ ಮಾಡುವುದು ದೊಡ್ಡ ಖರ್ಚಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ಎಣಿಸಿ ಅವರ ಮಾಹಿತಿಗೆ ವಿಶೇಷ ರಕ್ಷಣೆ ಹೇಳುತ್ತದೆ, ಅದರ ನಿಯಮಗಳೂ 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ. ಕಾಯ್ದೆ ದಿಲ್ಲಿಯಲ್ಲಿದ್ದು ಪಾಸ್‌ವರ್ಡ್ ಅಡ್ಮಿನ್ ಆಗಿದ್ದರೆ ಏನು ಬಂತು? ಆದರೆ ಇಲಾಖೆ ಬರುವವರೆಗೆ ಬಾಗಿಲು ತೆರೆದಿಡೋಣ ಎನ್ನಲಾಗದು. ಬೀರುವಿಗೆ ಬೀಗ ಹಾಕಲು ನಾವು ಯಾವ ಆದೇಶಕ್ಕೂ ಕಾಯಲಿಲ್ಲವಲ್ಲ.

ಕೊನೆಯದಾಗಿ ಭಾಷೆಯ ಮಾತು. ನಾನು ನೋಡಿದ ಯಾವ ಡಬ್ಬಿಯ ನಿರ್ವಹಣಾ ಪುಟವೂ ಕನ್ನಡದಲ್ಲಿಲ್ಲ. ಇಂಗ್ಲಿಷ್ ಮಾಧ್ಯಮವೇ ಸಾಕು ಎನ್ನುವವರು ಇದನ್ನೇ ಸಾಕ್ಷಿಯಾಗಿ ಎತ್ತಿ ಹಿಡಿಯಬಹುದು. ನನಗೆ ಕಾಣುವುದು ಬೇರೆ. ಬಸ್ಸು, ಚೆಕ್‌ಪೋಸ್ಟ್, ಸುರಂಗ, ಕಿಂಡಿ ಎಂದು ಕನ್ನಡದಲ್ಲಿ ಹೇಳಿದಾಗ ಒಂಬತ್ತನೆಯ ತರಗತಿಯ ಹುಡುಗಿ ಅದನ್ನು ಪೂರ್ತಿ ಅರಗಿಸಿಕೊಂಡು, ಸಂಜೆ ಮನೆಗೆ ಹೋಗಿ ಅಮ್ಮನಿಗೆ ಅಮ್ಮನ ಮಾತಿನಲ್ಲೇ ಹೇಳಬಲ್ಲಳು. ‘ಓಟಿಪಿ ಹೇಳಬೇಡ, ಬಿಟ್ಟಿ ಆ್ಯಪ್ ಹಾಕಬೇಡ’ ಎಂದು ತಾಯಿಗೆ ತಿಳಿಸಿಕೊಡುವ ಮಗಳಿಗಿಂತ ದೊಡ್ಡ ಫೈರ್‌ವಾಲ್ ನನಗೆ ಗೊತ್ತಿಲ್ಲ. ಇಂಗ್ಲಿಷ್‌ನಲ್ಲಿ ಗುಂಡಿಯ ಹೆಸರು ಕಲಿಯಲಿ, ಬೇಡ ಎನ್ನುವುದಿಲ್ಲ. ಆದರೆ ಗುಂಡಿ ಏಕೆ ಒತ್ತಬೇಕೆಂಬ ತಿಳಿವಳಿಕೆ ತಾಯ್ನುಡಿಯಲ್ಲೇ ಇಳಿಯಬೇಕು. ಗಡಿಯ ಕನ್ನಡ ಶಾಲೆ ಏಕೆ ಬೇಕು ಎಂದು ಕೇಳುವವರಿಗೆ ಇದೂ ಒಂದು ಉತ್ತರ.

ಮುಂದಿನ ವಾರ ಶಾಲೆಗೆ ಹೋದಾಗ ಕೇಬಲ್‌ನವರಿಗೆ ಒಂದು ಫೋನ್ ಮಾಡಿ, ರೂಟರಿನ ಕೀಲಿಕೈ ಕೇಳಿ ಪಡೆಯಿರಿ. ಕೊಡದಿದ್ದರೆ ಏಕೆ ಕೊಡುವುದಿಲ್ಲ ಎಂದು ಕೇಳಿ. ರಾಯದುರ್ಗ, ಮಡಕಶಿರಾ, ಅಮರಾಪುರ, ಅಗಳಿ, ರೊಳ್ಳ... ನಿಮ್ಮ ಶಾಲೆಯಲ್ಲಿ ಏನು ಉತ್ತರ ಬಂತು ಎಂದು ಬರೆದು ತಿಳಿಸಿ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ!